ಟೋರ್ಕಿಲನ ಹೌದು, ಡಾಗ್ನಿಯ ಇಲ್ಲ

ಹಲ್ಲಿನ ವೈದ್ಯೆಯ ಕುರ್ಚಿಯಲ್ಲಿ ಬಾಯಿ ಅಗಲಿಸಿ ಮಲಗಿದ್ದಾಗ, ಇಪ್ಪತ್ತು ವರ್ಷದಿಂದ ತಾನು ನಂಬಿಕೊಂಡು ಬಂದ ಮಾತು ಸುಳ್ಳೆಂದು ಡಾಗ್ನಿ ಲುಂಡೆಗೆ ಹೊಳೆಯಿತು. ಕೂಗಿ ಹೇಳೋಣವೆಂದರೆ ಬಾಯೊಳಗೆ ಹತ್ತಿಯ ಉಂಡೆ, ಲೋಹದ ಕೊಕ್ಕೆ, ಸಾಲದ್ದಕ್ಕೆ ವೈದ್ಯೆಯ ಎರಡು ಬೆರಳು. ಕಣ್ಣಿನಿಂದ ನೀರು ಇಳಿಯಿತು.

"ನೋಯ್ತಿದ್ಯಾ?" ಎಂದು ವೈದ್ಯೆ ಕೇಳಿದಳು.

ಡಾಗ್ನಿ ಇಲ್ಲವೆಂದು ತಲೆಯಾಡಿಸಿದಳು.

"ತಲೆ ಅಲ್ಲಾಡಿಸ್ಬೇಡ ತಾಯಿ! ನನ್ನ ಕೈಯಲ್ಲಿ ಕೊರೆಯೋ ಯಂತ್ರ ಇದೆ."

ಡಾಗ್ನಿ ಕೋಪನ್‌ಹೇಗನ್ನಿನಲ್ಲಿ ಗಣಿತದ ಪ್ರಾಧ್ಯಾಪಕಿ. ಅವಳ ವಿಷಯ ಆಪರೇಟರ್ ಬೀಜಗಣಿತ. ಶಾಲೆಯ ಮಗ್ಗಿಯಲ್ಲಿ ಮೂರನ್ನು ಐದರಿಂದ ಗುಣಿಸಿದರೂ ಒಂದೇ, ಐದನ್ನು ಮೂರರಿಂದ ಗುಣಿಸಿದರೂ ಒಂದೇ. ಆಪರೇಟರುಗಳ ಲೋಕದಲ್ಲಿ ಹಾಗಲ್ಲ. ಅಲ್ಲಿ ಗುಣಿಸುವುದು ಸಂಖ್ಯೆಗಳನ್ನಲ್ಲ, ಕೆಲಸಗಳನ್ನು. ಯಾವುದು ಮೊದಲು ಯಾವುದು ಆಮೇಲೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಡಾಗ್ನಿಯ ಗುರು ಟೋರ್ಕಿಲ್ ಬ್ರಾಸ್ಕ್ ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತಿದ್ದ: "ರೈ ಬ್ರೆಡ್ಡಿಗೆ ಮೊದಲು ಬೆಣ್ಣೆ ಹಚ್ಚಿ ಆಮೇಲೆ ಮೀನಿಟ್ರೆ ಅದು ಊಟ. ಮೊದಲು ಮೀನಿಟ್ಟು ಅದರ ಮೇಲೆ ಬೆಣ್ಣೆ ಹಚ್ಚಿದ್ರೆ ಅದು ವಿಚ್ಛೇದನ. ಉಳಿದದ್ದೆಲ್ಲಾ ಇದರ ವಿವರ."

ಟೋರ್ಕಿಲ್ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರುವಷ್ಟು ಎತ್ತರದ ಆಳು. ಹೆಸರು ಹಿಡಿದು, ಏಕವಚನದಲ್ಲೇ ಎಲ್ಲರೂ ಅವನನ್ನು ಕರೆಯುತ್ತಿದ್ದರು. ಆ ದೇಶದಲ್ಲಿ ಬಹುವಚನವನ್ನು ರಾಜಮನೆತನಕ್ಕೇ ಮೀಸಲಿಟ್ಟಿದ್ದಾರೆ. ಉಪನ್ಯಾಸಗಳಲ್ಲಿ ಅವನು ಮುಂದಿನ ಸಾಲಲ್ಲಿ ಕೂತು ಕಾಗದದ ಚೀಲದಿಂದ ಹಸಿ ಕ್ಯಾರೆಟ್ ತೆಗೆದು ಕಡಿಯುತ್ತಿದ್ದ. ಕರಕರ ಸದ್ದು ಕೇಳುತ್ತಿರುವಷ್ಟು ಹೊತ್ತು ಮಾತಾಡುವವರಿಗೆ ಅಭಯ. ಸದ್ದು ನಿಂತಿತೋ, ಆ ಸಾಲಿನಲ್ಲಿ ತಪ್ಪಿದೆಯೆಂದೇ ಅರ್ಥ. ಹೊರದೇಶಗಳಿಂದ ಬಂದ ದೊಡ್ಡ ದೊಡ್ಡ ವಿದ್ವಾಂಸರು ಕೂಡ ಹಲಗೆಗೆ ಮುಖ ಮಾಡಿ ಬರೆಯುತ್ತ ಕಿವಿಯನ್ನು ಮಾತ್ರ ಹಿಂದಕ್ಕೆ ಇಟ್ಟುಕೊಂಡಿರುತ್ತಿದ್ದರು.

ಈ ಟೋರ್ಕಿಲ್ ಹರೆಯದಲ್ಲಿ ಒಂದು ಪ್ರಶ್ನೆ ಕೇಳಿ ಹೆಸರಾಗಿದ್ದ. ಒಂದು ಬೀಜಗಣಿತದ ತುಂಡುಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಪ್ರತಿಯೊಂದೂ ಸಭ್ಯವಾಗಿದ್ದರೆ, ಎಲ್ಲ ಒಟ್ಟುಗೂಡಿದಾಗಲೂ ಅದು ಸಭ್ಯವಾಗಿಯೇ ಇರುತ್ತದೆಯೆ? 'ಸಭ್ಯ' ಎಂಬುದು ಅವನೇ ಇಟ್ಟ ಹೆಸರು. ಅನಂತದ ಕಡೆಗೆ ಹಗ್ಗ ಹರಿದುಕೊಂಡು ಓಡದಿರುವುದು ಎಂದಿಟ್ಟುಕೊಂಡರೆ ಸಾಕು. ಹೌದು, ಇರಲೇಬೇಕು ಎಂದು ಅವನ ನಂಬಿಕೆ. ಡೇನ್ ಜನರ ಬಗ್ಗೆಯೂ ಅವನ ನಂಬಿಕೆ ಅದೇ ಆಗಿತ್ತು.

"ನಿನ್ನ ಗುರು ಒಂದೇ ಒಂದ್ಸಲ ಫುಟ್‌ಬಾಲ್ ಪಂದ್ಯಕ್ಕೆ ಬಂದಿದ್ರೆ ಈ ಪ್ರಶ್ನೆನೇ ಕೇಳ್ತಿರ್ಲಿಲ್ಲ" ಎಂದು ಡಾಗ್ನಿಯ ಗಂಡ ಪಾಲೆ ಮದುವೆಯ ಹೊಸದರಲ್ಲೇ ಹೇಳಿದ್ದ. "ಅಲ್ಲೂ ಬಿಡಿಬಿಡಿಯಾಗಿ ಎಲ್ಲರೂ ಸಭ್ಯರೇ." ಪಾಲೆ ಇಗರ್ಜಿಗಳ ಆರ್ಗನ್ ವಾದ್ಯ ರಿಪೇರಿ ಮಾಡುವವನು. ಗಣಿತದ ಬಗ್ಗೆ ಅವನಿಗಿದ್ದ ಗೌರವ ಅಷ್ಟಕ್ಕಷ್ಟೇ.

ವಿದ್ಯಾರ್ಥಿನಿಯಾಗಿದ್ದಾಗ ಡಾಗ್ನಿ ಆ 'ಹೌದು' ಎಂಬುದನ್ನು ಸಾಧಿಸಿಬಿಟ್ಟೆನೆಂದು ಒಂದು ದಪ್ಪ ಕಟ್ಟನ್ನು ಗುರುವಿಗೆ ಒಪ್ಪಿಸಿದ್ದಳು. ವಾರ ಬಿಟ್ಟು ಟೋರ್ಕಿಲ್ ಅದನ್ನು ಹಿಂತಿರುಗಿಸಿ, "ಏಳನೇ ಪುಟ ಬಹಳ ಚೆನ್ನಾಗಿದೆ. ಉಳಿದಿದ್ದೆಲ್ಲ ಏಳನೇ ಪುಟದಿಂದಲೇ ಬರುತ್ತೆ, ಅದೂ ಸರಿ. ಏಳನೇ ಪುಟ ಒಂದು ನಿಜ ಆಗಿದ್ದಿದ್ರೆ..." ಎಂದು ನಿಟ್ಟುಸಿರು ಬಿಟ್ಟಿದ್ದ. ಡಾಗ್ನಿ ಅತ್ತು, ಬೈದು, ಕೊನೆಗೆ ಆ ಪ್ರಶ್ನೆಯನ್ನೇ ಕಟ್ಟಿಕೊಂಡಳು. ಅದನ್ನು ಮೂರು ಪ್ರಕರಣಗಳಾಗಿ ಒಡೆದಳು. ಮೊದಲನೆಯದು ಬೇಗ ಬಿತ್ತು. ಅದರಿಂದ ಡಾಕ್ಟರೇಟ್ ಬಂತು. ಎರಡನೆಯದು ಹತ್ತು ವರ್ಷ ತಿಂದು ಬಿತ್ತು. ಅದರಿಂದ ಪ್ರಾಧ್ಯಾಪಕಿಯ ಹುದ್ದೆ ಬಂತು, ಊರೂರಿನ ಕರೆ ಬಂತು. ಟ್ರೊನ್‌ಹೈಮಿನಲ್ಲಿ ಒಣಮೀನು ತಿಂದು ಎರಡನೆಯ ಪ್ರಕರಣ ಹೇಳಿದಳು, ಸೆಂಡೈನಲ್ಲಿ ಶಾವಿಗೆ ತಿಂದು ಎರಡನೆಯ ಪ್ರಕರಣ ಹೇಳಿದಳು, ಟಿಮಿಶ್ವಾರಾದಲ್ಲಿ ಎಲೆಕೋಸಿನ ಸುರುಳಿ ತಿಂದು ಎರಡನೆಯ ಪ್ರಕರಣವನ್ನೇ ಹೇಳಿದಳು. ಮೂರನೆಯದು ಮಾತ್ರ ಜಪ್ಪಯ್ಯ ಅಂದರೂ ಬೀಳಲಿಲ್ಲ.

ಸ್ಯಾಮ್ಸೊ ದ್ವೀಪದಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ ಅವಳ ತಾಯಿ ಆಸ್ಟಾ ಪ್ರತಿ ಕ್ರಿಸ್ಮಸ್ಸಿಗೂ, "ಎಂತ ಡಾಗ್ನಿ, ಇನ್ನೂ ಅದೇ ಲೆಕ್ಕವಾ?" ಎಂದು ಕೇಳುವಳು. ಹೌದೆಂದರೆ, "ಅದು ಕಷ್ಟದ್ದೇ ಇರ್ಬೇಕು ಮಾರಾಯ್ತಿ. ಇಲ್ಲದಿದ್ರೆ ನಿನ್ನನ್ನು ಬೇರೆ ಕೆಲಸಕ್ಕೆ ಹಾಕ್ತಿದ್ರು" ಎಂದು ಸಮಾಧಾನ ಹೇಳುವಳು.

ಹಲ್ಲಿನ ಕುರ್ಚಿಯಲ್ಲಿ ಹೊಳೆದದ್ದು ಈ ಮೂರನೆಯ ಪ್ರಕರಣವೇ. ಪ್ರತಿಸಲವೂ ಒಂದೇ ಜಾಗದಲ್ಲಿ ಒಂದೇ ತೊಡಕು ಅಡ್ಡ ಬರುತ್ತಿತ್ತು. ತನ್ನ ಕೈಲಾಗದ್ದಕ್ಕೆ ಹೀಗೆ ಎಂದುಕೊಂಡಿದ್ದಳು. ಕೊರೆಯುವ ಸದ್ದಿನ ನಡುವೆ, ಆ ತೊಡಕನ್ನು ಬಿಡಿಸುವ ಬದಲು ಇನ್ನಷ್ಟು ತೊಡಕಿಸಿದರೆ ಹೇಗೆ ಎಂಬ ಯೋಚನೆ ಬಂತು. ತೊಡಕಿಸುತ್ತ ಹೋದಂತೆ ಅದೊಂದು ಹೊಸ ಬೀಜಗಣಿತವಾಗಿ ಎದ್ದು ನಿಂತಿತು. ಬಿಡಿಬಿಡಿಯಾಗಿ ಪರಮ ಸಭ್ಯ. ಒಟ್ಟಾಗಿ ನೋಡಿದರೆ ಮಹಾ ಪುಂಡ. ಟೋರ್ಕಿಲನ ಪ್ರಶ್ನೆಗೆ ಉತ್ತರ: ಇಲ್ಲ.

ಮನೆಗೆ ಬಂದು, ಮರಗಟ್ಟಿದ ತುಟಿಯಲ್ಲೇ ಗಂಡನಿಗೆ ಹೇಳಿದಳು. ಪಾಲೆ ಆರ್ಗನ್ನಿನ ಕೊಳವೆಯೊಂದನ್ನು ಒರೆಸುತ್ತಿದ್ದವನು ಕೈ ನಿಲ್ಲಿಸಿದ.

"ಅಂದ್ರೆ ಉತ್ತರ ಇಲ್ಲ ಅಂತಾನಾ?"

"ಇಲ್ಲ ಅಂತ."

"ಇಷ್ಟು ವರ್ಷ ಒದ್ದಾಡಿ ಒಂದು ಇಲ್ಲ? ನಾನು ಮದುವೆ ಆದ ವರ್ಷವೇ ಪುಕ್ಕಟೆ ಹೇಳಿದ್ದೆನಲ್ಲೇ!"

"ನೀನು ಹೇಳಿದ್ದು ಫುಟ್‌ಬಾಲು."

"ಉತ್ತರ ಒಂದೇ ಆಯ್ತಲ್ಲ?" ಎಂದು ನಕ್ಕವನು, ಹೆಂಡತಿಯ ಮುಖ ನೋಡಿ ಕೊಳವೆಯನ್ನು ಕೆಳಗಿಟ್ಟು ಅವಳನ್ನು ಅಪ್ಪಿಕೊಂಡ. "ಯಾಕೆ, ಸಂತೋಷ ಆಗ್ಲಿಲ್ವಾ?"

"ಜೂನಿನಲ್ಲಿ ಟೋರ್ಕಿಲನಿಗೆ ಎಪ್ಪತ್ತು. ನಿವೃತ್ತಿ. ಅವನ ಗೌರವಕ್ಕೆ ಸಮ್ಮೇಳನ. ಅದರಲ್ಲಿ ಮುಖ್ಯ ಭಾಷಣ ನನ್ನದು. ಎದ್ದು ನಿಂತು ಏನು ಹೇಳ್ಲಿ? ಹುಟ್ಟುಹಬ್ಬದ ಶುಭಾಶಯ, ನಿನ್ನ ಜೀವಮಾನದ ನಂಬಿಕೆ ಸುಳ್ಳು ಅಂತಾನಾ?"

ಹಬ್ಬ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಹೇಳುವುದೆಂದು ಅವಳೇ ತೀರ್ಮಾನಿಸಿದಳು. ಭಾಷಣಕ್ಕೆ ಎರಡನೆಯ ಪ್ರಕರಣ ಇದ್ದೇ ಇತ್ತು.

ಆದರೆ ಸುಮ್ಮನಿರುವುದು ಡಾಗ್ನಿಗೆ ಬಾರದ ವಿದ್ಯೆ. ಅಪರಾಧಿ ಭಾವ ಅವಳನ್ನು ವಿಪರೀತ ಒಳ್ಳೆಯವಳನ್ನಾಗಿ ಮಾಡಿತು. ಟೋರ್ಕಿಲನೊಡನೆ ವಾದವಿಲ್ಲದೆ ಒಂದು ದಿನವೂ ಕಳೆಯದಿದ್ದವಳು, ಈಗ ಅವನು ಏನು ಹೇಳಿದರೂ "ನೀನು ಹೇಳೋದೂ ಸರಿ" ಎನ್ನತೊಡಗಿದಳು. ಸೈಕಲ್ ನಿಲ್ಲಿಸುವಲ್ಲಿ ಅವನ ಚೀಲವನ್ನು ತಾನೇ ಹಿಡಿದಳು. ಮೊಣಕಾಲು ಹೇಗಿದೆ ಎಂದು ವಿಚಾರಿಸಿದಳು. ಒಮ್ಮೆ ಕಾರಣವಿಲ್ಲದೆ ಕೇಕು ಮಾಡಿ ತಂದಳು. ಟೋರ್ಕಿಲ್ ಕೇಕನ್ನೂ ಅವಳನ್ನೂ ಬಹಳ ಹೊತ್ತು ನೋಡಿದ.

ಅಲ್ಲಿಂದ ಅವನ ನಡತೆಯೂ ಬದಲಾಯಿತು. ತನ್ನ ಪುಸ್ತಕಗಳನ್ನು ಒಂದೊಂದಾಗಿ ಕಿರಿಯರಿಗೆ ಹಂಚಿದ. ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಸಹೋದ್ಯೋಗಿ ವೆರ್ನರನ ಕೋಣೆಗೆ ತಾನಾಗಿ ಹೋಗಿ ಕಾಫಿ ಕುಡಿದು ಬಂದ. ಒಂದು ಮಧ್ಯಾಹ್ನ ಕಿಟಕಿಯಾಚೆಯ ಲೈಲ್ಯಾಕ್ ಹೂಗಳನ್ನು ನೋಡುತ್ತ, "ಚೆನ್ನಾಗಿವೆ ಅಲ್ವಾ? ನಾನು ಯಾವತ್ತೂ ಗಮನಿಸೇ ಇರ್ಲಿಲ್ಲ" ಎಂದ. ಇವನಿಗೆ ಗೊತ್ತಾಗಿಹೋಗಿದೆ, ನನಗೋಸ್ಕರ ನುಂಗಿಕೊಂಡಿದ್ದಾನೆ ಎಂದು ಡಾಗ್ನಿ ಅಂದುಕೊಂಡಳು. ಮರುದಿನ ಇನ್ನೊಂದು ಕೇಕು ತಂದಳು.

ಜೂನಿನ ಆ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಮೇಜುಗಳ ಮೇಲೆಲ್ಲ ಕೆಂಪು ಬಿಳುಪಿನ ಪುಟ್ಟ ಬಾವುಟಗಳು. ಮುಂದಿನ ಸಾಲಲ್ಲಿ ಟೋರ್ಕಿಲ್, ಪಕ್ಕದಲ್ಲಿ ಅವನ ಹೆಂಡತಿ ಇಂಗೆಲೀಸ, ತೊಡೆಯ ಮೇಲೆ ಕ್ಯಾರೆಟ್ ಚೀಲ. ಡಾಗ್ನಿ ಸೀಮೆಸುಣ್ಣ ಹಿಡಿದು ಮೊದಲನೆಯ ಪ್ರಕರಣ ಮುಗಿಸಿದಳು; ಕರಕರ. ಎರಡನೆಯದನ್ನು ನೀರು ಕುಡಿದಂತೆ ಮುಗಿಸಿದಳು, ಕರಕರ. "ಮೂರನೆಯ ಪ್ರಕರಣದ ವಿಚಾರ ಸದ್ಯಕ್ಕೆ ಬೇಡ. ಇನ್ನು ಟೋರ್ಕಿಲನ ಹಳೆಯ ಕೆಲಸದ ಬಗ್ಗೆ..." ಎಂದಳು.

ಸದ್ದು ನಿಂತಿತು.

"ಡಾಗ್ನಿ, ಮೂರನೆಯದು ಯಾಕೆ ಬೇಡ?"

"ಸಮಯ ಸಾಲದು ಅಂತ..."

"ಇನ್ನೂ ಅರ್ಧ ಗಂಟೆ ಇದೆ."

"ಅದು ಇವತ್ತಿಗೆ ಅಷ್ಟು ಸೂಕ್ತ ಅಲ್ಲ."

"ಗಣಿತದಲ್ಲಿ ಸೂಕ್ತ ಅಂದ್ರೆ ಏನು? ಅದರ ವ್ಯಾಖ್ಯೆ ಕೊಡು."

ಸಭೆ ಸಣ್ಣಗೆ ನಕ್ಕಿತು. ಡಾಗ್ನಿ ನಗಲಿಲ್ಲ. ಹಲಗೆಯ ಮುಂದೆ ನಿಂತು ಅವಳು ಈವರೆಗೆ ಸುಳ್ಳು ಹೇಳಿದವಳಲ್ಲ. ಏಳನೆಯ ಪುಟದಲ್ಲಿ ಕೂಡ ತಪ್ಪಿದ್ದಳೇ ಹೊರತು ಸುಳ್ಳು ಹೇಳಿರಲಿಲ್ಲ. ಸೀಮೆಸುಣ್ಣವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ಅದು ಸುಳ್ಳು, ಟೋರ್ಕಿಲ್. ಮೂರನೆಯದು ನಡೆಯಲ್ಲ. ನಿನ್ನ ಪ್ರಶ್ನೆಗೆ ಉತ್ತರ ಇಲ್ಲ ಅಂತ. ನನ್ನ ಹತ್ತಿರ ಉದಾಹರಣೆ ಇದೆ."

ಯಾರೋ ಕೆಮ್ಮಿದರು. ಟೋರ್ಕಿಲ್ ಅರ್ಧ ಕಚ್ಚಿದ ಕ್ಯಾರೆಟ್ಟನ್ನು ಚೀಲದೊಳಗಿಟ್ಟ.

"ಯಾವಾಗಿಂದ ಗೊತ್ತು?"

"ಏಪ್ರಿಲ್‌ನಿಂದ. ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾಗ ಹೊಳೀತು."

"ಅದಕ್ಕೇನಾ ನನ್ನ ಚೀಲ ಹಿಡೀತಿದ್ದೆ?"

"ಹ್ಞೂಂ."

"ಕೇಕೂ ಅದಕ್ಕೇನಾ? ಎರಡೂ?"

"ಎರಡೂ."

ಟೋರ್ಕಿಲ್ ಎದ್ದು ನಿಂತ. ಮುಖ ಕೆಂಪೇರಿತ್ತು. ಇಂಗೆಲೀಸಳ ಕಡೆಗೆ ತಿರುಗಿ, ಸಭೆಗೆಲ್ಲ ಕೇಳುವಂತೆ, "ನಾನು ಸಾಯ್ತಿಲ್ಲ ಕಣೇ!" ಎಂದ.

"ನಾನು ಹೇಳ್ಲಿಲ್ವಾ? ಡಾಕ್ಟರೂ ಹೇಳ್ಲಿಲ್ವಾ?" ಎಂದಳು ಇಂಗೆಲೀಸ. ಆಮೇಲೆ ಡಾಗ್ನಿಗೆ, "ನೀನು ಇವನ ಮೊಣಕಾಲು ವಿಚಾರಿಸಿದ ದಿನದಿಂದ ಇವನಿಗೆ ನಿದ್ದೆ ಇಲ್ಲ ತಾಯಿ. ಡಾಗ್ನಿ ನನ್ನ ಮಾತು ಒಪ್ಪಿಕೊಳ್ತಿದಾಳೆ ಅಂದ್ರೆ ನನಗೇನೋ ದೊಡ್ಡ ಕಾಯಿಲೆ ಇರ್ಬೇಕು, ನೀವೆಲ್ಲ ಸೇರ್ಕೊಂಡು ಮುಚ್ಚಿಡ್ತಿದೀರ ಅಂತ. ಎಲ್ಲ ಪರೀಕ್ಷೆ ಮಾಡಿ ಡಾಕ್ಟರು ಗಟ್ಟಿಯಾಗಿದ್ದೀಯ ಅಂದ್ರೆ, ಅವನಿಗೂ ಹೇಳಿಕೊಟ್ಟಿದೀರ ಅಂದ! ಸಮಾಧಿಗೆ ಜಾಗ ನೋಡೋಕೆ ನನ್ನನ್ನ ಎರಡು ಭಾನುವಾರ ಸೈಕಲ್ಲಲ್ಲಿ ಸುತ್ತಾಡಿಸಿದ."

ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಿಂದ ವೆರ್ನರ್ ಕೂಗಿದ: "ಹಾಗಾದ್ರೆ ನನ್ನ ಜೊತೆ ರಾಜಿ ಮಾಡ್ಕೊಂಡಿದ್ದು?"

"ವಾಪಸ್!" ಎಂದ ಟೋರ್ಕಿಲ್.

ಆ ಸಂಜೆಯ ಊಟದಲ್ಲಿ ಅವನಷ್ಟು ತಿಂದವರಿಲ್ಲ, ಕುಡಿದವರಿಲ್ಲ. ಆ ನಾಡಿನ ರೂಢಿಯಂತೆ ಹುಟ್ಟುಹಬ್ಬಕ್ಕೆಂದು ಹಳೆಯ ರಾಗಕ್ಕೆ ಕೂಡಿಸಿದ ಗೇಲಿಯ ಹಾಡೊಂದು ಇರಬೇಕಷ್ಟೆ. ಅದನ್ನು ಬರೆದವನು ವೆರ್ನರ್. ಹಾಳೆಗಳು ಅಚ್ಚಾಗಿ ತಟ್ಟೆಗಳ ಪಕ್ಕ ಕೂತಿದ್ದವು. ನಾಲ್ಕನೆಯ ನುಡಿಯ ಕೊನೆಗೆ, 'ಪುಟ್ಟ ತುಂಡು ಸಭ್ಯವಯ್ಯ, ದೊಡ್ಡದೂನು ಸಭ್ಯವೇ, ಟೋರ್ಕಿಲ್ ಅಂದ ಮೇಲೆ ಮುಗೀತು, ಹೌದು ಹೌದು ಹೌದಯ್ಯ' ಎಂದಿತ್ತು. ತಿದ್ದಲು ವೇಳೆಯಿರಲಿಲ್ಲ. ಆ ಸಾಲು ಬಂದಾಗ ಎಲ್ಲರ ದನಿಯೂ ಗಂಟಲಲ್ಲೇ ಇಂಗಿತು. ಟೋರ್ಕಿಲ್ ಒಬ್ಬನೇ ಕುರ್ಚಿಯ ಮೇಲೆ ಹತ್ತಿ ನಿಂತು, ಮೂರು 'ಹೌದು'ಗಳನ್ನೂ ಗಟ್ಟಿಯಾಗಿ ಹಾಡಿ, "ಆಗ ಹಾಗೆ ಅನ್ನಿಸ್ತಿತ್ತು!" ಎಂದು ಸೇರಿಸಿದ. ಡಾಗ್ನಿ ಅಳುತ್ತ ನಗುತ್ತ ಕೂತಿದ್ದಳು. ಇಷ್ಟು ಸುಲಭವಾಗಿ ಕಳೆಯಿತಲ್ಲ ಎಂದು ಅವಳಿಗೆ ಹಗುರಾಯಿತು.

ಕಳೆದಿರಲಿಲ್ಲ. ಬದುಕುತ್ತೇನೆಂಬ ಸಂತೋಷ ಟೋರ್ಕಿಲನಿಗೆ ಒಂದು ದಿನ ಸಾಕಾಯಿತು. ಮೂರನೆಯ ಬೆಳಿಗ್ಗೆ ಫೋನು ಬಂತು. "ಸುಳ್ಳು ಅಂದ್ಯಲ್ಲ, ಅದನ್ನ ತಗೊಂಡು ಬಾ" ಎಂದಷ್ಟೇ ಹೇಳಿ ಇಟ್ಟ.

ಓಡ್ಸ್‌ಹೆರೆಡಿನಲ್ಲಿ ಕಡಲ ದಂಡೆಗೆ ಅವನದೊಂದು ಬೇಸಿಗೆಯ ಮರದ ಮನೆ. ಡಾಗ್ನಿ ಹೋದಾಗ ಅವನು ಹಿತ್ತಿಲಲ್ಲಿ ಹಳೆಯ ಹಲಗೆಯೊಂದನ್ನು ಸೇಬಿನ ಮರಕ್ಕೆ ಒರಗಿಸಿಕೊಂಡು ಕಾದಿದ್ದ. ಮುಖದಲ್ಲಿ ಹಬ್ಬದ ಕಳೆ ಇರಲಿಲ್ಲ.

"ಉತ್ತರ ಇಲ್ಲ ಅಂತಾದ್ರೆ ಆಗ್ಲಿ, ಅದು ಗಣಿತ. ನನ್ನ ಕೋಪ ಅದಕ್ಕಲ್ಲ" ಎಂದ. "ಎರಡು ತಿಂಗಳು ನನ್ನನ್ನ ಮುದುಕನ ಥರ ನೋಡಿದ್ಯಲ್ಲ, ಅದಕ್ಕೆ. ನಿನ್ನ ಏಳನೇ ಪುಟ ತಪ್ಪು ಅಂತ ಹೇಳೋವಾಗ ನಾನೇನು ಕೇಕ್ ತಂದಿದ್ನಾ?"

ಡಾಗ್ನಿ ತಂದ ಹಾಳೆಗಳನ್ನು ಹಲಗೆಯ ಪಕ್ಕ ಇಟ್ಟಳು. "ತಪ್ಪಾಯ್ತು" ಎಂದಳು.

"ಸರಿ. ಈಗ ಬರಿ. ನಾನು ಇದನ್ನ ಮುರೀತೀನಿ."

ಆ ಬೇಸಿಗೆಯೆಲ್ಲ ಅವನು ಮುರಿಯಲು ನೋಡಿದ. ಡಾಗ್ನಿ ರಜೆಯ ದಿನಗಳಲ್ಲಿ ಬಸ್ಸು ಹಿಡಿದು ಬರುವಳು. ಅವನು ಎಡದಿಂದ ಬರುವನು, ಬಲದಿಂದ ಬರುವನು, ಹಿಂದಿನ ದಿನ ಒಪ್ಪಿದ್ದನ್ನು ಮರುದಿನ ಒಪ್ಪುತ್ತಿರಲಿಲ್ಲ. ಮಾತು ಏರಿದಾಗ ಪಕ್ಕದ ಮನೆಯವರು ಬೇಲಿಯಾಚೆ ಬಂದು ನಿಲ್ಲುವರು. ಇಂಗೆಲೀಸ ಹೊಸ ಆಲೂಗಡ್ಡೆ ಬೇಯಿಸಿ, ಬೆಣ್ಣೆ ಹಾಕಿ, "ತಿಂದು ಜಗಳಾಡಿ" ಎಂದು ಇಟ್ಟು ಹೋಗುವಳು. ಆಗಸ್ಟಿನಲ್ಲಿ ಒಂದು ದಿನ ಟೋರ್ಕಿಲ್ ನಿಜವಾಗಿಯೂ ಒಂದು ತೂತು ಹುಡುಕಿದ. ಡಾಗ್ನಿಯ ಬೀಜಗಣಿತದ ಒಂದು ತುಂಡು ಸಭ್ಯವೆಂದು ಅವಳು ತಿಳಿದಿದ್ದಳೇ ಹೊರತು ಸಾಧಿಸಿರಲಿಲ್ಲ. ಕಡಲಿಗೆ ಇಳಿದು ಮೈ ಮರಗಟ್ಟುವವರೆಗೆ ಈಜಿದಳು. ದಂಡೆಯಲ್ಲಿ ಟವೆಲು ಹಿಡಿದು ನಿಂತಿದ್ದ ಟೋರ್ಕಿಲನ ಮುಖ ಗೆದ್ದವನದಾಗಿರಲಿಲ್ಲ.

"ನಂಗೆ ಖುಷಿ ಆಗುತ್ತೆ ಅಂದ್ಕೊಂಡಿದ್ದೆ" ಎಂದ. "ಆಗ್ತಿಲ್ಲ. ನಿನ್ನ ಪುಂಡ ಬಹಳ ಚೆಂದ ಇದ್ದ. ಬಾ, ಅದನ್ನ ಬದುಕಿಸೋಣ."

ಬದುಕಿಸಲು ಒಂದು ವಾರ ಹಿಡಿಯಿತು. ದಾರಿ ಕಂಡದ್ದು ಡಾಗ್ನಿಗೇ. ಆದರೆ ಆ ವಾರ ಟೋರ್ಕಿಲ್ ಒಮ್ಮೆಯೂ 'ಹೌದು' ಎಂಬ ಪಕ್ಷದಲ್ಲಿ ನಿಲ್ಲಲಿಲ್ಲ. ಕೊನೆಯ ಸಾಲು ಬರೆದಾಗ ಅವನು ಬಹಳ ಹೊತ್ತು ಹಲಗೆ ನೋಡಿ, ಅದರ ಮೇಲೆ ಉದುರಿದ್ದ ಎಲೆಯೊಂದನ್ನು ಬೆರಳಲ್ಲಿ ತಳ್ಳಿ, "ಅಂತೂ ಹೋಯ್ತು" ಎಂದ. ಇಬ್ಬರೂ ಸಾವಿನ ಮನೆಯಲ್ಲಿ ಕೂತಂತೆ ಬೆಂಚಿನ ಮೇಲೆ ಕೂತರು. ಇಪ್ಪತ್ತು ವರ್ಷ ಜೊತೆಗಿದ್ದ ಪ್ರಶ್ನೆ ಈಗ ಇಲ್ಲವೆನ್ನುವುದು ಡಾಗ್ನಿಗೂ ಆಗಲೇ ತಟ್ಟಿದ್ದು.

ಲೇಖನ ಬರೆದಾಯಿತು. ಆ ನಾಡಿನಲ್ಲಿ ತಾನು ದೊಡ್ಡದೇನೋ ಮಾಡಿದೆನೆಂದು ಹೇಳಿಕೊಳ್ಳುವುದು ಸಿಂಬಳ ತೆಗೆದು ತೋರಿಸಿದಷ್ಟೇ ಅಸಹ್ಯ. ಹಾಗಾಗಿ ಡಾಗ್ನಿ ಅದಕ್ಕೆ 'ಸಭ್ಯ ಬೀಜಗಣಿತಗಳ ಬಗ್ಗೆ ಒಂದು ಟಿಪ್ಪಣಿ' ಎಂದು ಹೆಸರಿಟ್ಟು ಟೋರ್ಕಿಲನಿಗೆ ಓದಲು ಕೊಟ್ಟಳು. ಅವನು ಮೊದಲ ಸಾಲನ್ನೂ ದಾಟಲಿಲ್ಲ.

"ಟಿಪ್ಪಣಿಯಾ? ಟಿಪ್ಪಣಿ!" ಎಂದು ಅಡುಗೆಮನೆಯಲ್ಲೆಲ್ಲ ಸುತ್ತಿದ. "ನಲವತ್ತೈದು ವರ್ಷ ಅರ್ಧ ಜಗತ್ತನ್ನ ಕಾಡಿದ ಪ್ರಶ್ನೆ ನನ್ನದು. ಅದನ್ನ ಕೊಂದದ್ದು ಒಂದು ಟಿಪ್ಪಣಿ ಅಂದ್ರೆ ನನ್ನ ಮಾನ ಏನಾಗ್ಬೇಕು? ಕತ್ತಿಯಿಂದ ಸತ್ತರೆ ವೀರಮರಣ. ಚಮಚದಿಂದ ಸತ್ತರೆ?"

"ಕೊಚ್ಚಿಕೊಂಡ ಹಾಗಾಗುತ್ತೆ ಟೋರ್ಕಿಲ್. ಜನ ಏನಂದ್ಕೋತಾರೆ?"

"ನೀನು ಕೊಚ್ಚಿಕೊಳ್ಳದೆ ಇದ್ರೆ ನಾನು ಸಣ್ಣವನಾಗ್ತೀನಿ! 'ಬ್ರಾಸ್ಕನ ಪ್ರಶ್ನೆಗೆ ಉತ್ತರ: ಇಲ್ಲ.' ಹಾಗೆ ಬರಿ."

"ಅಷ್ಟು ಒರಟಾಗಿಯಾ? 'ಇಲ್ಲ' ಬೇಡ, ಬರೀ 'ಉತ್ತರ' ಅಂತ ಇಡೋಣ."

"ಅದನ್ನ ನೋಡಿದವರು ಉತ್ತರ ಹೌದು ಅಂದ್ಕೊಂಡು ಓದದೇ ಬಿಡ್ತಾರೆ. ಎಲ್ಲರಿಗೂ ನನ್ನ ಮೇಲೆ ಅಷ್ಟು ನಂಬಿಕೆ!"

ಒಲೆಯ ಮುಂದೆ ಪ್ಲಮ್ ಜಾಮ್ ಕಲಕುತ್ತಿದ್ದ ಇಂಗೆಲೀಸ ಸೌಟು ಎತ್ತಿದಳು. "ಇಬ್ಬರೂ ಕೇಳಿ. ಡಾಗ್ನಿ, ಇವನು ಹೇಳಿದ ಹೆಸರಿಡು. ಟೋರ್ಕಿಲ್, ನೀನು ಅಲ್ಲಿಂದಾಚೆ ಒಂದಕ್ಷರಕ್ಕೂ ಕೈ ಹಾಕ್ಬೇಡ. ಜಾಮ್ ತಳ ಹಿಡೀತಿದೆ, ಜಾಡಿಗಳನ್ನ ತೊಳಿರಿ."

ಡಾಗ್ನಿ ಪೆನ್ನು ತೆಗೆದು ಟಿಪ್ಪಣಿಯನ್ನು ಹೊಡೆದು ಹಾಕಿದಳು. ಟೋರ್ಕಿಲ್ ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತ ನಿಂತ.

"ಇನ್ನೂ ಸ್ವಲ್ಪ ದಪ್ಪಕ್ಷರದಲ್ಲಿ ಬರಿ" ಎಂದು, ಅಂಗಿಯ ತೋಳು ಮಡಿಸಿ ಜಾಡಿ ತೊಳೆಯಲು ಹೋದ.